ತಟ್ಟೆ ಗೆಲ್ಲಿಸಿತಾ?

ಸ್ಕಾಟ್ ಜುರೆಕ್ ಅವರ ‘ಈಟ್ ಅಂಡ್ ರನ್’ (2012) ಓದಿ ಮುಗಿಸಿದ ವಾರವೇ ನಾನು ಮೊಸರು ಬಿಟ್ಟೆ. ಕ್ಯಾಲಿಫೋರ್ನಿಯಾದ ವೆಸ್ಟರ್ನ್ ಸ್ಟೇಟ್ಸ್ 100 ಮೈಲಿ ಓಟವನ್ನು 1999ರಿಂದ 2005ರವರೆಗೆ ಸತತ 7 ಸಲ ಗೆದ್ದವರು ವೀಗನ್ ಅಂದಮೇಲೆ ಇನ್ನೇನು ಬೇಕು ಹೇಳಿ?

ಪುಸ್ತಕದ ಜಾಣತನ, ತೊಂದರೆ ಎರಡೂ ಇಲ್ಲೇ. ಅಧ್ಯಾಯದ ಬೆನ್ನಿಗೇ ರೆಸಿಪಿ ಬಂದರೆ, ತಟ್ಟೆಯೇ ಗೆಲ್ಲಿಸಿತು ಅನ್ನಿಸಿಬಿಡುತ್ತೆ. ಎರಡನೇ ಓದಿನಲ್ಲಿ ಕಂಡದ್ದೇ ಬೇರೆ: ಮಿನ್ನೆಸೋಟದ ಬಾಲ್ಯದಲ್ಲಿ ಸೌದೆ ಒಟ್ಟಿದ್ದು, ಕಾಯಿಲೆಯ ಅಮ್ಮನನ್ನು ನೋಡಿಕೊಂಡದ್ದು, ವರ್ಷಗಟ್ಟಲೆ ಬೆಟ್ಟ ಹತ್ತಿದ್ದು. ಊಟ ಆ ದುಡಿಮೆಗೆ ಒದಗಿತು, ಅದರ ಬದಲಿಗೆ ಬರಲಿಲ್ಲ.

ನಾನು ಬದಲಾಯಿಸಿದ್ದು ಬರೀ ಮೆನು. ಭಾನುವಾರದ ಲಾಂಗ್ ರನ್ ತಪ್ಪಿಸಿ, ಬಾದಾಮಿ ಹಾಲು ಕುಡಿದು, ಹಾಫ್ ಮ್ಯಾರಥಾನಿನ 16ನೇ ಕಿಲೋಮೀಟರಿಗೆ ಕಾಲು ಸೋತು ನಡೆದೆ.

ಪುಸ್ತಕ ಓದಿ, ಚೆನ್ನಾಗಿದೆ. ರೆಸಿಪಿಗಳನ್ನು ಮಾತ್ರ ಎರಡನೇ ಸಲಕ್ಕೆ ಇಟ್ಕೊಳ್ಳಿ.