ಆತಂಕ ಎಂಬ ಮಾತಿನ ಆತಂಕ

ಮನಸ್ಸಿನ ಕಳವಳವನ್ನು ಪ್ರಶ್ನೆಗಳ ಮೂಲಕ ಅಳೆಯುವ ಮನಶ್ಶಾಸ್ತ್ರಜ್ಞರ ಕ್ರಮವನ್ನು ನಾವು ಅಲ್ಲಗಳೆಯುವವರಲ್ಲ. ನಮ್ಮ ತಕರಾರೆಲ್ಲ ಆ ಪ್ರಶ್ನೆಗಳ ಭಾಷೆಯದು. ಅಮೆರಿಕದ ಸ್ಪೀಲ್‌ಬರ್ಗರ್ ಮತ್ತು ಸಂಗಡಿಗರು 1970ರಲ್ಲಿ ಹೊರತಂದ ಪ್ರಶ್ನಾವಳಿಯಲ್ಲಿ 40 ವಾಕ್ಯಗಳಿವೆ. 20 ಈ ಗಳಿಗೆಯ ಕಳವಳಕ್ಕೆ, 20 ಸ್ವಭಾವದಲ್ಲೇ ಇರುವ ಕಳವಳಕ್ಕೆ. ಅದು ಹಿಂದಿಗೂ ಬಂದಿದೆ. ಅದಕ್ಕೂ ಮುಂಚೆ, 1968ರಲ್ಲೇ, ದುರ್ಗಾನಂದ ಸಿನ್ಹಾ ಅವರ ಹಿಂದಿ ಪ್ರಶ್ನಾವಳಿಯ ಕೈಪಿಡಿ ವಾರಾಣಸಿಯಿಂದ ಪ್ರಕಟವಾಗಿತ್ತು.

ಗಂಗೆಯ ಈಚೆ ದಡದ ರಾಮನಗರದಲ್ಲಿ ನೆಲೆಸಿರುವ ನಮ್ಮಂಥವರಿಗೆ ತೊಡಕು ಇಮ್ಮಡಿ. ಕನ್ನಡದ ಪ್ರಶ್ನಾವಳಿಗಳು ‘ಆತಂಕ’ ಎನ್ನುತ್ತವೆ. ಹಿಂದಿಯಲ್ಲಿ ಅದೇ ಮಾತಿಗೆ ಭೀತಿ, ಭಯೋತ್ಪಾದನೆ ಎಂದರ್ಥ. ಇಲ್ಲಿನ ಶಾಲೆಯಲ್ಲಿ ಕಲಿತ ಮಗ ಅದನ್ನೋದಿ ಪೊಲೀಸರ ನೆನಪು ಮಾಡಿಕೊಂಡರೆ ತಪ್ಪು ಅವನದಲ್ಲ. ಅಜ್ಜಿಗೋ ಅದು ‘ಅಡ್ಡಿ ಆತಂಕ’ದ ಆತಂಕ, ಮದುವೆಗೆ ಬರುವ ವಿಘ್ನ. ಅವರ ಕಳವಳಕ್ಕೆ ಬೇರೆ ಮಾತುಗಳಿವೆ: ಎದೆ ಡವಗುಟ್ಟುವುದು, ಕೈಕಾಲು ಸೋಲುವುದು, ಹೊಟ್ಟೆಯಲ್ಲಿ ಸಂಕಟ.

ಇಂಥ ಎಡವಟ್ಟನ್ನು ತಡೆಯಲು ಹಿಂದನುವಾದ ಎಂಬ ಉಪಾಯವಿದೆ. ಕನ್ನಡಕ್ಕೆ ತಂದದ್ದನ್ನು ಇನ್ನೊಬ್ಬರು ಇಂಗ್ಲಿಷಿಗೆ ಮರಳಿಸಿ ಮೂಲದೊಡನೆ ಹೋಲಿಸುತ್ತಾರೆ. ಬ್ರಿಸ್ಲಿನ್ 1970ರಲ್ಲಿ ಇದನ್ನು ವಿವರಿಸಿದರು. ಒಳ್ಳೆಯದೇ. ಆದರೆ ಇಬ್ಬರೂ ಇಂಗ್ಲಿಷ್ ಬಲ್ಲವರು. ‘ಆತಂಕ’ ಇಬ್ಬರ ಕೈಯಲ್ಲೂ ಸುಸೂತ್ರವಾಗಿ ಹೋಗಿ ಬರುತ್ತದೆ. ಅಜ್ಜಿಯನ್ನು ಯಾರೂ ಕೇಳಿರುವುದಿಲ್ಲ.

ಇನ್ನು ‘ನಾನು ನೆಮ್ಮದಿಯಾಗಿದ್ದೇನೆ’ ಎಂಬಂಥ ವಾಕ್ಯಗಳು. ಇವಕ್ಕೆ ಅಂಕ ತಿರುವುಮುರುವು: ಒಪ್ಪದಿದ್ದರೆ ಕಳವಳದ ಲೆಕ್ಕ ಏರುತ್ತದೆ. ದೃಷ್ಟಿ ತಾಗೀತೆಂದು ನಮ್ಮ ಹೆಂಗಸರು ನೆಮ್ಮದಿಯನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ‘ಏನೋ, ದೇವರು ಇಟ್ಟಹಾಗೆ ಇದ್ದೇವೆ’ ಎನ್ನುತ್ತಾರೆ. ಇದಕ್ಕೆ ಯಾವ ಮನೆಯಲ್ಲಿ ಗುರುತು ಹಾಕಬೇಕು?

2006ರಲ್ಲಿ ಬಂದ ಏಳು ಪ್ರಶ್ನೆಗಳ ಪಟ್ಟಿ ಚಿಕ್ಕದು, ಸರಳ. ಕಳೆದ ಎರಡು ವಾರಗಳ ಸ್ಥಿತಿಯನ್ನು ಕೇಳುತ್ತದೆ. ಹಿರಿಯರಿಗೆ ‘ಹೋದ ಹದಿನೈದು ದಿನದಿಂದ ಈಚೆಗೆ’ ಎಂದರೆ ಲೆಕ್ಕ ಬೇಗ ಸಿಕ್ಕೀತು. ಅದರಲ್ಲಿ 21ಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕೆನ್ನುತ್ತಾರೆ. ಆದ್ದರಿಂದ ಒಂದೊಂದು ಮಾತೂ ಮುಖ್ಯ.

ಊರುಬಿಟ್ಟು ಹೊಸದಾಗಿ ಬಂದ ಸೊಸೆಯನ್ನು ನೆನೆಯಿರಿ. ಹಿಂದಿ ಬಾರದು. ವೈದ್ಯರ ಎದುರು ಗಂಡ ಪ್ರಶ್ನೆಯನ್ನು ಕನ್ನಡಿಸುತ್ತಾನೆ, ಅತ್ತೆ ಪಕ್ಕದಲ್ಲಿ ಕೂತಿರುತ್ತಾರೆ. ‘ನೆಮ್ಮದಿಯಾಗಿದ್ದೀಯಾ?’ ಆಕೆ ತಲೆಯಾಡಿಸುತ್ತಾಳೆ, ಅಂಕ ಇಳಿಯುತ್ತದೆ. ಅಚ್ಚಿಗೆ ಹೋಗುವ ಮುನ್ನ ಇಂಥ ಹತ್ತು ಮಂದಿಗೆ ಪ್ರಶ್ನೆಗಳನ್ನು ಏಕಾಂತದಲ್ಲಿ ಓದಿ ಹೇಳಿ, ‘ನಿಮಗೇನು ಅರ್ಥವಾಯಿತು?’ ಎಂದು ಕೇಳಿ ಬರೆದುಕೊಳ್ಳಲಿ ಎಂಬುದಷ್ಟೇ ನಮ್ಮ ಬೇಡಿಕೆ.