ಮನಸ್ಸು, ಪ್ರಜ್ಞೆ ಮತ್ತು ಆಪ್ತಸಮಾಲೋಚನೆ: ಸಿರಿ ಆಚರಣೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಮನಸ್ಸು ಎಂದರೇನು ಎಂಬ ಪ್ರಶ್ನೆಗೆ ಒಂದು ಸಿದ್ಧಾಂತವು ಕೊಡುವ ಉತ್ತರವೇ ನೊಂದ ಮನಸ್ಸನ್ನು ಸಂತೈಸುವ ಅದರ ವಿಧಾನವನ್ನೂ ನಿರ್ಧರಿಸುತ್ತದೆ. ಸಿಗ್ಮಂಡ್ ಫ್ರಾಯ್ಡ್ ದಮನಗೊಂಡ ಬಯಕೆಗಳ ನೆಲೆಯನ್ನು ಸುಪ್ತಪ್ರಜ್ಞೆಯಲ್ಲಿ ಗುರುತಿಸಿದ್ದರಿಂದ ಮನೋವಿಶ್ಲೇಷಣೆಯು ಮರೆತುದನ್ನು ಮಾತಿಗೆ ತರುವ ಕಾರ್ಯವಾಯಿತು. ವ್ಯಕ್ತಿಗೆ ತನ್ನ ಅನುಭವವನ್ನು ತಾನೇ ಅರಿಯುವ ಸಾಮರ್ಥ್ಯವಿದೆ ಎಂದು ಕಾರ್ಲ್ ರೋಜರ್ಸ್ 1951ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದ್ದರಿಂದ ಸಮಾಲೋಚಕನು ತೀರ್ಪು ಕೊಡದೆ ಆಲಿಸುವವನಾದನು. ಆರನ್ ಬೆಕ್ 1960ರ ದಶಕದಿಂದ ರೂಪಿಸಿದ ಪದ್ಧತಿಯಲ್ಲಿ ಆಲೋಚನೆಯ ದೋಷಗಳನ್ನು ತಿದ್ದುವುದೇ ಮುಖ್ಯವಾಯಿತು. ಈ ಮೂರೂ ಪರಸ್ಪರ ಭಿನ್ನವಾಗಿದ್ದರೂ ಅವುಗಳ ತಳದಲ್ಲಿರುವ ಗ್ರಹಿಕೆ ಒಂದೇ: ಮನಸ್ಸು ಒಬ್ಬ ವ್ಯಕ್ತಿಯ ಒಳಗಿದೆ; ಅದರ ನೋವನ್ನು ಆ ವ್ಯಕ್ತಿಯೇ 'ನಾನು' ಎಂದು ಹೇಳಬೇಕು. ಕರ್ನಾಟಕದ ಜನಪದ ಬದುಕಿಗೆ ಈ ಗ್ರಹಿಕೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ವಿಚಾರಾರ್ಹವಾಗಿದೆ.

ಕನ್ನಡದ ಆಡುಮಾತು ಮನಸ್ಸನ್ನು ತಲೆಯೊಳಗೆ ಮಾತ್ರ ಇರಿಸಿಲ್ಲ. ಹೊಟ್ಟೆ ಉರಿಯುತ್ತದೆ, ಎದೆ ಒಡೆಯುತ್ತದೆ, ಕರುಳು ಚುರ್ರೆನ್ನುತ್ತದೆ. 'ಹೊಟ್ಟೆಗೆ ಹಾಕಿಕೊಳ್ಳುವುದು' ಎಂದರೆ ಕ್ಷಮಿಸುವುದು. ಮರುಗುವ ಕರುಳೇ 'ಕರುಳಿನ ಕುಡಿ', 'ಕರುಳಬಳ್ಳಿ' ಎಂಬ ಮಾತುಗಳಲ್ಲಿ ರಕ್ತಸಂಬಂಧದ ಹೆಸರೂ ಆಗಿದೆ. ಭಾವನೆಯ ನೆಲೆಗೂ ನಂಟಿನ ನೆಲೆಗೂ ಇಲ್ಲಿ ಒಂದೇ ಪದ ಸಲ್ಲುತ್ತದೆ. ಆದುದರಿಂದ 'ಎದೆ ಭಾರವಾಗಿದೆ' ಎಂದು ಹೇಳಿಕೊಳ್ಳುವ ಹೆಣ್ಣುಮಗಳ ಮಾತನ್ನು ದೇಹದ ದೂರೆಂದಷ್ಟೇ ತಿಳಿದರೆ, ಆಕೆ ಯಾರ ಜೊತೆಗಿನ ಸಂಬಂಧ ಭಾರವಾಯಿತೆಂದು ಹೇಳುತ್ತಿದ್ದಾಳೋ ಅದು ಕೇಳದೆ ಉಳಿಯುತ್ತದೆ.

ಈ ಸಂಬಂಧಮೂಲ ಮನಸ್ಸಿನ ಕಲ್ಪನೆ ಆಚರಣೆಯ ರೂಪ ತಾಳಿರುವುದನ್ನು ತುಳುನಾಡಿನ ಸಿರಿ ಜಾತ್ರೆಗಳಲ್ಲಿ ಕಾಣಬಹುದು. ಹಿರಿಯಡ್ಕ, ಕವತ್ತಾರು, ನಂದಳಿಕೆ ಮೊದಲಾದೆಡೆ ನಡೆಯುವ ಈ ಜಾತ್ರೆಗಳಲ್ಲಿ ಹಿಂಗಾರ ಹಿಡಿದ ಹೆಂಗಸರು ಸಾಮೂಹಿಕವಾಗಿ ಆವೇಶಗೊಳ್ಳುತ್ತಾರೆ. ಅವರ ಮೈಮೇಲೆ ಬರುವವರು ಸಿರಿ, ಆಕೆಯ ಮಗಳು ಸೊನ್ನೆ, ಮೊಮ್ಮಕ್ಕಳಾದ ಅಬ್ಬಗ-ದಾರಗ ಮೊದಲಾದವರು. ಸಿರಿಯ ಮಗನಾದ ಕುಮಾರನ ಪಾತ್ರ ವಹಿಸುವ ಪುರುಷನು ಅವರೊಡನೆ ಸಂವಾದ ನಡೆಸುತ್ತಾನೆ. ಹೊಸದಾಗಿ ಬಂದ ಹೆಣ್ಣು ಮೊದಮೊದಲು ನಡುಗುತ್ತಾಳೆ, ಅಳುತ್ತಾಳೆ. ಮೈಮೇಲೆ ಬಂದವರು ಯಾರೆಂಬುದು ಕುಮಾರನ ಪ್ರಶ್ನೆಗಳ ಮೂಲಕ ಕ್ರಮೇಣ ಹೆಸರು ಪಡೆಯುತ್ತದೆ. ಲೌರಿ ಹೋಂಕೊ ಮತ್ತು ಸಂಗಡಿಗರು ಗೋಪಾಲ ನಾಯ್ಕರಿಂದ 1990ರಲ್ಲಿ ದಾಖಲಿಸಿ 1998ರಲ್ಲಿ ಪ್ರಕಟಿಸಿದ ಸಿರಿ ಮಹಾಕಾವ್ಯವು 15,683 ಸಾಲುಗಳಷ್ಟಿದೆ. ಗಂಡನ ಅನ್ಯಾಯವನ್ನು ಒಪ್ಪದೆ ಮನೆ ಬಿಟ್ಟು ಹೊರಟವಳ, ಚೆನ್ನೆಮಣೆಯ ಆಟದಲ್ಲಿ ಜಗಳವಾಡಿ ಅಳಿದ ಅವಳಿ ಅಕ್ಕತಂಗಿಯರ ಕಥೆ ಅದರಲ್ಲಿದೆ. ಮನೆಯಲ್ಲಿ ಹೇಳಲಾಗದ ನೋವಿಗೆ ಎಲ್ಲರೂ ಬಲ್ಲ ಭಾಷೆಯೊಂದನ್ನು ಈ ಕಥೆ ಒದಗಿಸುತ್ತದೆ.

ಇದನ್ನು ವಿದ್ವಾಂಸರು ಹೇಗೆ ಅರ್ಥೈಸಿದ್ದಾರೆ ಎಂಬುದನ್ನು ಇನ್ನು ಪರಿಶೀಲಿಸಬೇಕು. ಪೀಟರ್ ಜೆ. ಕ್ಲಾಸ್ ಅವರು 1975ರ ಲೇಖನದಲ್ಲಿ ಸಿರಿ ಪುರಾಣವನ್ನೂ ಆಚರಣೆಯನ್ನೂ ಒಟ್ಟಿಗೆ ಓದಿದರು. 1979ರ ಲೇಖನದಲ್ಲಿ ಬಯಸದೆ ಎರಗುವ ಆವೇಶವನ್ನೂ ವಿಧಿಬದ್ಧವಾದ ಮಾಧ್ಯಮತನವನ್ನೂ ಬೇರ್ಪಡಿಸಿದರು. ಪ್ರಜ್ಞೆಯ ಸ್ಥಿತಿಯೊಂದನ್ನೇ ನೋಡದೆ ಸಮುದಾಯ ಅದಕ್ಕೆ ಕೊಡುವ ಸ್ಥಾನವನ್ನೂ ನೋಡಬೇಕೆಂಬುದು ಈ ವಿಂಗಡಣೆಯ ಬೆಲೆ. ಮನೋವೈದ್ಯಶಾಸ್ತ್ರವೂ ಈ ದಿಕ್ಕಿನಲ್ಲಿ ಸ್ವಲ್ಪ ಸಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 1992ರ ರೋಗವರ್ಗೀಕರಣವು ಧಾರ್ಮಿಕವಾಗಿ ಅಥವಾ ಸಾಂಸ್ಕೃತಿಕವಾಗಿ ಒಪ್ಪಿತವಾದ ಸಂದರ್ಭದ ಆವೇಶವನ್ನು ರೋಗವೆಂದು ಎಣಿಸಲಿಲ್ಲ. ಆದರೆ ಈ ವಿನಾಯಿತಿ ಅರ್ಧದಾರಿಯದು. ಆವೇಶವು ರೋಗವೋ ಅಲ್ಲವೋ ಎಂದು ಅದು ತೀರ್ಮಾನಿಸುತ್ತದೆಯೇ ಹೊರತು, ಆವೇಶಗೊಂಡವಳು ಆಡಿದ ಮಾತು ಏನೆಂದು ಕೇಳುವುದಿಲ್ಲ. ಪ್ರಜ್ಞೆಯ ವಿಘಟನೆಯನ್ನು ಗುರುತಿಸಿದ ಮಾತ್ರಕ್ಕೆ ಅಳಲು ಅರ್ಥವಾದಂತಾಗದು.

ಜಾನಪದ ಅಧ್ಯಯನದಲ್ಲಿ ಇದಕ್ಕೆ ವಿರುದ್ಧವಾದ ದೋಷವೊಂದು ಬೆಳೆಯುವ ಅಪಾಯವಿದೆ. ಇಂಥ ಆಚರಣೆಗಳನ್ನು 'ಜನಪದ ಆಪ್ತಸಮಾಲೋಚನೆ' ಎಂದು ಕರೆದು ಕೊಂಡಾಡುವುದು ಸುಲಭ. ಸಮಾಲೋಚನೆಯಲ್ಲಿ ಗೋಪ್ಯತೆ ಉಂಟು. ಜಾತ್ರೆಯಲ್ಲಿ ಎಲ್ಲವೂ ಬಹಿರಂಗ. ಸಮಾಲೋಚನೆ ಆಯ್ಕೆಯನ್ನು ಬಯಸುತ್ತದೆ. ಆಚರಣೆಯು ಹೆಣ್ಣನ್ನು ಅದೇ ಮನೆಗೆ, ಅದೇ ಕಟ್ಟಳೆಗೆ ಮರಳಿಸಬಹುದು. ಪ್ರಶ್ನೆ ಕೇಳುವ ಅಧಿಕಾರವೂ ಪುರುಷನ ಪಾತ್ರದಲ್ಲಿದೆ. ತೀವ್ರ ಮನೋರೋಗವನ್ನು ದೈವದ ಕಾಟವೆಂದು ಬಗೆದು ಚಿಕಿತ್ಸೆಯನ್ನು ಮುಂದೂಡಿದರೆ ಆಗುವ ಹಾನಿ ಅಲ್ಪವಲ್ಲ. ಸಿರಿ ಆಚರಣೆಗೆ ಸಂಬಂಧಿಸಿದ್ದಲ್ಲವಾದರೂ, ನಂಬಿಕೆಯ ಆಸರೆಯಲ್ಲಿ ರೋಗಿಗಳನ್ನು ಇರಿಸಿಕೊಂಡಿದ್ದ ತಮಿಳುನಾಡಿನ ಏರ್ವಾಡಿಯಲ್ಲಿ 2001ರಲ್ಲಿ ಸರಪಳಿಯಲ್ಲಿದ್ದ 28 ಮಂದಿ ಬೆಂಕಿಗೆ ಬಲಿಯಾದುದನ್ನು ಯಾವ ಜಾನಪದ ತಜ್ಞನೂ ಮರೆಯುವಂತಿಲ್ಲ.

ಜನಸಾಮಾನ್ಯರು ಈ ಎರಡು ತುದಿಗಳಲ್ಲಿ ಒಂದಕ್ಕೇ ಅಂಟಿಕೊಂಡವರಲ್ಲ. ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಇಂದಿನ ಉಡುಪಿ ಜಿಲ್ಲೆಯ ಕೋಟ ಗ್ರಾಮವನ್ನು ಅಧ್ಯಯನಮಾಡಿ 1976ರಲ್ಲಿ ಗ್ರಂಥ ಪ್ರಕಟಿಸಿದರು. ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂವರ ಜೊತೆಗೆ ಆಧುನಿಕ ವೈದ್ಯರ ಬಳಿಗೂ ಜನ ಹೋಗುತ್ತಿದ್ದುದು ಈ ಅಧ್ಯಯನದಿಂದ ತಿಳಿದುಬಂತು. ಮಾತ್ರೆಯೂ ದರ್ಶನವೂ ಅವರಿಗೆ ಪರಸ್ಪರ ವಿರುದ್ಧವಾಗಿರಲಿಲ್ಲ.

ಹಾಗಾದರೆ ಆಪ್ತಸಮಾಲೋಚನೆಯು ಸಿರಿ ಆಚರಣೆಯಿಂದ ಪಡೆಯಬಹುದಾದುದು ಆವೇಶದ ತಂತ್ರವನ್ನಲ್ಲ, ಆಲಿಸುವಿಕೆಯ ವ್ಯವಸ್ಥೆಯನ್ನು. ಮೊದಲನೆಯದಾಗಿ, 'ನಾನು' ಎಂದು ಹೇಳಲಾರದವರು ಮತ್ತೊಬ್ಬರ ಹೆಸರಿನಲ್ಲಿ, ಕಥೆಯ ನೆಪದಲ್ಲಿ ಹೇಳುವುದಕ್ಕೆ ಅವಕಾಶವಿರಬೇಕು; ಅದನ್ನು ತಪ್ಪಿಸಿಕೊಳ್ಳುವ ಮಾತೆಂದು ಎಣಿಸಬಾರದು. ಎರಡನೆಯದಾಗಿ, ಕೇಳುವವನು ಸಮಾಲೋಚಕನೊಬ್ಬನೇ ಆದರೆ ಸಾಲದು. ಸಿರಿಯ ಎದುರು ಬಂಧುಗಳೂ ನಿಂತು ಕೇಳಬೇಕಾಗುತ್ತದೆ, ಉತ್ತರಿಸಬೇಕಾಗುತ್ತದೆ. ನೊಂದವಳ ಒಪ್ಪಿಗೆಯಿದ್ದಲ್ಲಿ ಕುಟುಂಬವನ್ನು ಕರೆಸಿ ಕೂರಿಸುವ ಸಮಾಲೋಚನೆಯು ಈ ನೆಲದ ಮನಸ್ಸಿಗೆ ಹತ್ತಿರವಾದುದು. ಮೂರನೆಯದಾಗಿ, ಆ ಒಪ್ಪಿಗೆ ಇಲ್ಲದಲ್ಲಿ ಗೋಪ್ಯತೆಯೇ ಮೇಲು. ಜನಪದವು ಕೊಡಲಾರದ, ಆಧುನಿಕ ಸಮಾಲೋಚನೆ ಮಾತ್ರ ಕೊಡಬಲ್ಲ ರಕ್ಷಣೆ ಅದು.

ಮನಸ್ಸು ಒಬ್ಬರೊಳಗೇ ಇದೆ ಎಂಬ ಸಿದ್ಧಾಂತ ಹೆಣ್ಣಿನ ಆಯ್ಕೆಯನ್ನು ಕಾಯುತ್ತದೆ; ಅದು ಸಂಬಂಧಗಳ ನಡುವೆ ಇದೆ ಎಂಬ ಸಿದ್ಧಾಂತ ಆಕೆಯ ನೋವಿನ ಮೂಲವನ್ನು ತೋರಿಸುತ್ತದೆ. ಇವುಗಳಲ್ಲಿ ಒಂದನ್ನು ಬಿಟ್ಟ ಸಮಾಲೋಚನೆಯು, ಅದು ಆಸ್ಪತ್ರೆಯಲ್ಲಿ ನಡೆಯಲಿ ಜಾತ್ರೆಯಲ್ಲಿ ನಡೆಯಲಿ, ಆಕೆಯ ಮಾತನ್ನು ಅರ್ಧ ಮಾತ್ರ ಕೇಳಿದಂತೆ ಆಗುತ್ತದೆ.