ನ್ಯೂರೆಂಬರ್ಗಿನ ಬಸವನಹುಳುಗಳು

ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಲೋಹಕ್ಕಿಳಿದ ಸಣ್ಣ ಪ್ರಾಣಿಗಳ ಮಾತೆತ್ತಿದರೆ ಸಾಕು, ವಿಮರ್ಶಕರು ನೇರವಾಗಿ ನ್ಯೂರೆಂಬರ್ಗಿನ ಅಕ್ಕಸಾಲಿ ವೆಂಜೆಲ್ ಯಾಮ್ನಿಟ್ಸರನ ಬೆಳ್ಳಿ ಪೆಟ್ಟಿಗೆಯ ಮುಂದೆ ಹೋಗಿ ನಿಲ್ಲುತ್ತಾರೆ. ವಿಯೆನ್ನಾದಲ್ಲಿರುವ ಆ ಪೆಟ್ಟಿಗೆಯ ಓತಿಕ್ಯಾತಕ್ಕೆ ಸಂದ ಕೀರ್ತಿ ಅತಿಯಾಯಿತು. ಅದೇ ನ್ಯೂರೆಂಬರ್ಗಿನಲ್ಲಿ ಅರ್ಧ ಶತಮಾನ ಮೊದಲೇ ಪೀಟರ್ ಫಿಶರ್ ತನ್ನ ಮಕ್ಕಳೊಡನೆ ಎರಕ ಹೊಯ್ದ ಬಸವನಹುಳುಗಳು ಅದಕ್ಕಿಂತ ದೊಡ್ಡ ಕಲೆ.

ಆ ಹುಳುಗಳು ಹೊತ್ತಿರುವ ಸಂತ ಸೆಬಾಲ್ಡನ ಸಮಾಧಿ ಮಂಟಪದ ಕೆಲಸ ನಡೆದದ್ದು 1508ರಿಂದ 1519ರವರೆಗೆ. ಕಂಚೆಂದು ಕರೆಯುವುದು ರೂಢಿ, ಲೋಹ ಮಾತ್ರ ಹಿತ್ತಾಳೆ. ಮೇಲೆ ಅಸ್ಥಿಯ ಪೆಟ್ಟಿಗೆ, ಕಂಬಗಳು, ಹನ್ನೆರಡು ಅಪೊಸ್ತಲರು. ಕೆಳಗೆ ಅಷ್ಟನ್ನೂ ಹೊತ್ತ ಹನ್ನೆರಡು ಬಸವನಹುಳುಗಳು, ನಾಲ್ಕು ಡಾಲ್ಫಿನ್‌ಗಳು. ಬಸವನಹುಳುವನ್ನು ಮುಟ್ಟಿದರೆ ಅದು ಚಿಪ್ಪಿನೊಳಕ್ಕೆ ಸರಿಯುತ್ತದೆ. ಇಲ್ಲಿ ಚಿಪ್ಪಿನ ಮೇಲೆ ಇಡೀ ಮಂಟಪವೇ ಕೂತಿದೆ, ಆದರೂ ಮೈ ಹೊರಚಾಚಿಯೇ ಇದೆ. ಈ ಮೆದು ಜೀವಕ್ಕೆ ಹೊರೆಯ ಭಯವಿಲ್ಲ. ನಿಂತೇ ಇರಬೇಕಾದ ಸಮಾಧಿ ಮೆಲ್ಲಗೆ ಎಲ್ಲಿಗೋ ಹೊರಟಂತೆ ಕಾಣುವುದು ಆ ಚಾಚಿದ ಮೈಯಿಂದ. ಸಿಂಹವನ್ನು ಇಟ್ಟಿದ್ದರೆ ಬಲ ಕಾಣುತ್ತಿತ್ತು, ಈ ಚಲನೆ ಸಿಗುತ್ತಿರಲಿಲ್ಲ. ಪ್ರಾಣಿಯ ಸ್ವಭಾವವನ್ನು ಬಲ್ಲವನು ಅದನ್ನು ಬೇಕೆಂದೇ ಮೀರಿದ್ದಾನೆ.

ಯಾಮ್ನಿಟ್ಸರನ ದಾರಿ ಬೇರೆ. ಸತ್ತ ಪ್ರಾಣಿಯನ್ನು ಬೇಕಾದ ಭಂಗಿಗೆ ಹೊಂದಿಸಿ, ಅದರ ಮೇಲೆ ಅಚ್ಚಿನ ಮಿಶ್ರಣವನ್ನು ಸುರಿದು, ಬೆಂಕಿಯಲ್ಲಿ ಸುಟ್ಟು, ಬೂದಿ ತೆಗೆದ ಜಾಗಕ್ಕೆ ಲೋಹ ಹೊಯ್ಯುವುದು. ಚರ್ಮದ ಒಂದೊಂದು ಹುರುಪೆಯೂ ಮೂಡುತ್ತದೆ, ನಿಜ. ಅವನ ಎರಕದ ಹುಲ್ಲು ಉಸಿರು ತಾಗಿದರೆ ಅಲುಗುವಷ್ಟು ತೆಳುವೆಂದು ಅದೇ ಊರಿನ ಕಲಾವಿದರ ಬಗ್ಗೆ ಬರೆದ ನೊಯ್‌ಡೋರ್ಫರ್ 1547ರಲ್ಲೇ ಕೊಂಡಾಡಿದ. ಆ ಕೈಚಳಕವನ್ನು ನಾನೂ ಒಪ್ಪುತ್ತೇನೆ. ಆದರೆ ಹುರುಪೆಯನ್ನು ಮಾಡಿದ್ದು ಓತಿಕ್ಯಾತ. ಕಲಾವಿದನ ಪಾಲಿಗೆ ಉಳಿದದ್ದು ಭಂಗಿ. ಅದೋ ಹೆಣಕ್ಕೆ ಹೊರಗಿನಿಂದ ತೊಡಿಸಿದ್ದು.

ನನ್ನ ತಕರಾರು ಯಾಮ್ನಿಟ್ಸರನಿಗಿಂತ ಅವನ ವ್ಯಾಖ್ಯಾನಕಾರರ ಜೊತೆಗೆ. 1926ರಲ್ಲಿ ಕಲಾ ಇತಿಹಾಸಕಾರ ಅರ್ನ್‌ಸ್ಟ್ ಕ್ರಿಸ್ ಅವನನ್ನೂ ಫ್ರಾನ್ಸಿನ ಕುಂಬಾರ ಪಾಲಿಸಿಯನ್ನೂ ಜೋಡಿಸಿ ಈ ಅಚ್ಚಿನ ಕೆಲಸಕ್ಕೆ ಒಂದು ಶೈಲಿಯ ಪಟ್ಟ ಕಟ್ಟಿದ. ಈಚೆಗೆ ವಿಜ್ಞಾನದ ಇತಿಹಾಸಕಾರ್ತಿ ಪಮೇಲಾ ಸ್ಮಿತ್ ಮತ್ತು ಅವರ ತಂಡ ಹದಿನಾರನೆಯ ಶತಮಾನದ ಫ್ರೆಂಚ್ ಹಸ್ತಪ್ರತಿಯೊಂದರಲ್ಲಿರುವ ಇಂಥ ಎರಕದ ವಿಧಾನಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ಮಾಡಿ ನೋಡಿ, ಕುಶಲಕರ್ಮಿಯ ಕೆಲಸವೂ ಪ್ರಕೃತಿಯ ಅರಿವೇ ಎಂದು ತೋರಿಸಿದ್ದಾರೆ. ಬಹಳ ಮುಖ್ಯವಾದ ಕೆಲಸ. ಆದರೆ ಅದು ವಿಜ್ಞಾನದ ಚರಿತ್ರೆಗೆ ಸಲ್ಲುವ ಉತ್ತರ. ಮಾಡುವುದು ಎಷ್ಟು ಕಷ್ಟ ಎಂಬ ವಿವರಣೆಯನ್ನೇ ಕಲೆಯ ಬೆಲೆ ಎಂದು ಹಿಡಿದವರು ಫಿಶರನ ಹುಳುಗಳನ್ನು ಪೀಠದ ಅಲಂಕಾರವೆಂದು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ.

ಸೆಬಾಲ್ಡ್ ಚರ್ಚಿಗೆ ಹೋಗುವವರು ಅಪೊಸ್ತಲರನ್ನು ಆಮೇಲೆ ನೋಡಲಿ. ಮೊದಲು ಮಂಡಿಯೂರಿ ಕೆಳಗೆ ನೋಡಿ.